ಮುಟ್ಟಿದರೆ ಝುಮ್ಮೆನ್ನುವ ಗಣಕಯಂತ್ರ

ಗಣಕಯಂತ್ರವು ಕೆಟ್ಟಿತೆಂದರೆ ದೋಷವು ಅದರ ಪೆಟ್ಟಿಗೆಯೊಳಗೇ ಇರಬೇಕೆಂದು ಭಾವಿಸುವುದು ನಮ್ಮೆಲ್ಲರಿಗೂ ಸಹಜ. ಆದರೆ ನುರಿತ ವೈದ್ಯನು ರೋಗಿಯ ನಾಡಿಯನ್ನು ಹಿಡಿಯುವುದರ ಜೊತೆಗೆ ಅವನು ಕುಡಿಯುವ ನೀರನ್ನೂ ವಾಸಿಸುವ ಮನೆಯನ್ನೂ ವಿಚಾರಿಸುತ್ತಾನಷ್ಟೆ. ಯಂತ್ರದ ರೋಗಕ್ಕೂ ಇದೇ ಕ್ರಮ ಸಲ್ಲುತ್ತದೆಂಬುದನ್ನು ಕಳೆದ ಬೇಸಗೆಯಲ್ಲಿ ಇಳಕಲ್‌ನ ಒಂದು ಝೆರಾಕ್ಸ್ ಅಂಗಡಿಯಲ್ಲಿ ನಾವು ಕಣ್ಣಾರೆ ಕಂಡೆವು.

ಅಂಗಡಿಯವನು ನಮ್ಮ ಹಳೆಯ ವಿದ್ಯಾರ್ಥಿ. ಅವನು ಹೇಳಿದ ದೂರುಗಳು ಮೂರು. ಮಧ್ಯಾಹ್ನವಾದೊಡನೆ ಯಂತ್ರವು ತಾನಾಗಿಯೇ ಆರಿಹೋಗುತ್ತದೆ, ರಾತ್ರಿ ಕರೆಂಟು ತೆಗೆದಿಟ್ಟರೆ ಬೆಳಿಗ್ಗೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ, ಮೂರನೆಯದು ಅವನ ಮಾತಿನಲ್ಲೇ ಇರಲಿ: “ಸರ, ಡಬ್ಬಿ ಮುಟ್ಟಿದ್ರ ಕೈ ಝುಂ ಅಂತೈತ್ರಿ.” ಈ ನಡುವೆ ಮದರ್‌ಬೋರ್ಡು ಎರಡು ಸಲ ಸುಟ್ಟು, ಎರಡು ಸಲವೂ ಹೊಸದನ್ನು ಹಾಕಿಸಿದ್ದಾಗಿತ್ತು. ಮೂರನೆಯ ಸಲ ಹಾಕಿಸುವುದಕ್ಕೆ ಅವನಲ್ಲಿ ಹಣವಿರಲಿಲ್ಲ.

ಮೊದಲೆರಡು ದೂರುಗಳು ಸುಲಭವಾದುವು. ಇಳಕಲ್‌ನ ಕೆಂಪು ಗ್ರಾನೈಟು ದೂರದೇಶಗಳಿಗೆ ಹೋಗುತ್ತದೆ; ಅದರ ಧೂಳು ಮಾತ್ರ ಊರಿನಲ್ಲೇ ಉಳಿಯುತ್ತದೆ! ಪ್ರೊಸೆಸರಿನ ಮೇಲಿರುವ ಲೋಹದ ರೆಕ್ಕೆಗಳ ನಡುವೆ ಈ ಧೂಳು ಕಂಬಳಿಯಂತೆ ಹಾಸಿಕೊಂಡಿತ್ತು. ಫ್ಯಾನು ತಿರುಗಿದರೂ ಗಾಳಿ ಆಡದು; ಉಷ್ಣತೆಯು ಸುಮಾರು 100 ಡಿಗ್ರಿಗೆ ಏರಿದಾಗ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳುವುದಕ್ಕಾಗಿ ತಾನೇ ಆರುತ್ತದೆ. ಪ್ಲಗ್ಗನ್ನು ಕಿತ್ತು, ಮೆದುವಾದ ಕುಂಚದಿಂದ ಧೂಳು ತೆಗೆದದ್ದೇ ಚಿಕಿತ್ಸೆ. ತಾರೀಖಿನ ದೋಷಕ್ಕೆ ಕಾರಣ ನಾಣ್ಯದಂತಿರುವ 3 ವೋಲ್ಟಿನ ಒಂದು ಕೋಶ. ಸಿ.ಆರ್. 2032 ಎಂಬುದು ಅದರ ಹೆಸರು. 20 ಮಿಲಿಮೀಟರು ಅಗಲ, 3.2 ಮಿಲಿಮೀಟರು ದಪ್ಪ ಎಂಬುದೇ ಆ ಸಂಖ್ಯೆಯ ಅರ್ಥ. ಅದು ಬರಿದಾದರೆ ಯಂತ್ರದೊಳಗಿನ ಗಡಿಯಾರ ನಿಲ್ಲುತ್ತದೆ. ಅಂತರಜಾಲದ ತಾಣಗಳು ತೋರಿಸುವ ಪ್ರಮಾಣಪತ್ರಗಳಿಗೆ ಅವಧಿಯುಂಟು. ಹಳೆಯ ತಾರೀಖಿನ ಯಂತ್ರಕ್ಕೆ ಆ ಅವಧಿ ಇನ್ನೂ ಆರಂಭವಾಗಿಲ್ಲವೆಂದು ಕಾಣುವುದರಿಂದ ಅದು ತಾಣಗಳನ್ನು ನಂಬದು. ಪಾಪ, ಅಂಗಡಿಯವನು ಇಂಟರ್‌ನೆಟ್ಟನ್ನು ಬಯ್ಯುತ್ತಿದ್ದನು.

ಇನ್ನು ಮೂರನೆಯದು. ನಮ್ಮ ಮನೆಗಳಿಗೆ 230 ವೋಲ್ಟಿನ ವಿದ್ಯುತ್ತು ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡು ತಂತಿಗಳಲ್ಲಿ ಬರುತ್ತದೆ. ಸಾಕೆಟ್ಟಿನ ಮೇಲಿನ ದೊಡ್ಡ ರಂಧ್ರವು ಭೂಮಿಯದು. ಪ್ಲಗ್ಗಿನಲ್ಲಿ ಅದರ ಪಿನ್ನನ್ನು ಉಳಿದೆರಡಕ್ಕಿಂತ ಉದ್ದವಾಗಿ ಮಾಡಿರುವುದು ಅಂದಕ್ಕಾಗಿಯಲ್ಲ. ಭೂಸಂಪರ್ಕವು ಮೊದಲು ಕೂಡಿ ಕಡೆಗೆ ಬಿಡಬೇಕೆಂಬ ಉದ್ದೇಶದಿಂದ.

ಗಣಕಯಂತ್ರದ ವಿದ್ಯುತ್ ಪೆಟ್ಟಿಗೆಯು ಸೆಕೆಂಡಿಗೆ ಹತ್ತಾರು ಸಾವಿರ ಸಲ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ಇದರಿಂದ ಹುಟ್ಟುವ ಗದ್ದಲವನ್ನು ಭೂಮಿಗೆ ಹರಿಸುವುದಕ್ಕಾಗಿ ಫೇಸಿನಿಂದ ಒಂದು, ನ್ಯೂಟ್ರಲಿನಿಂದ ಒಂದು, ಹೀಗೆ ಎರಡು ಸಣ್ಣ ಧಾರಕಗಳನ್ನು ಲೋಹದ ಡಬ್ಬಿಗೆ ಜೋಡಿಸಿರುತ್ತಾರೆ. ಡಬ್ಬಿಗೆ ಭೂಸಂಪರ್ಕವಿದ್ದರೆ ಎಲ್ಲವೂ ಕ್ಷೇಮ. ಅದು ಕಡಿದರೆ? ಸಮನಾದ ಎರಡು ಧಾರಕಗಳ ನಡುವೆ ಡಬ್ಬಿಯು ತೂಗಾಡುತ್ತ 230ರ ಅರ್ಧದಲ್ಲಿ, ಎಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಧಾರಕವು 4.7 ನ್ಯಾನೊಫ್ಯಾರಡಿನದಾದರೆ, ಮುಟ್ಟಿದವನ ಮೈಯಲ್ಲಿ ಹರಿಯುವುದು ಮಿಲಿಆಂಪಿಯರಿನ ಮೂರನೆಯ ಒಂದು ಭಾಗ ಮಾತ್ರ. ಒಂದೇ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಅಂತಹ ನಾಲ್ಕು ಯಂತ್ರಗಳಿದ್ದರೆ ನಾಲ್ಕೂ ಕೂಡಿ ಒಂದು ಮಿಲಿಆಂಪಿಯರನ್ನು ಮೀರುತ್ತದೆ. ಬರಿಗಾಲಿನಲ್ಲಿ ನಿಂತವನಿಗೆ ಝುಮ್ಮೆನ್ನದೆ ಇರದು. ಇಂತಹ ಯಂತ್ರಕ್ಕೆ ಬೇರೆ ಸಾಕೆಟ್ಟಿನ ಪ್ರಿಂಟರನ್ನು ಜೋಡಿಸಹೋದಾಗ, 5 ವೋಲ್ಟನ್ನು ಮಾತ್ರ ಸಹಿಸಬಲ್ಲ ಸೂಕ್ಷ್ಮ ತಂತಿಗಳ ಮೇಲೆ ಈ ವಿಭವವು ಎರಗಬಹುದು. ಎರಡು ಮದರ್‌ಬೋರ್ಡುಗಳನ್ನು ಸುಟ್ಟದ್ದು ಇದೇ ಇರಬೇಕೆಂದು ನಮ್ಮ ಊಹೆ.

ಬಾಗಲಕೋಟೆಯಿಂದ ಒಯ್ದಿದ್ದ ಮಲ್ಟಿಮೀಟರನ್ನು ಇಟ್ಟು ನೋಡಿದೆವು. ಫೇಸಿಗೂ ನ್ಯೂಟ್ರಲಿಗೂ ನಡುವೆ 228 ವೋಲ್ಟು; ಯಂತ್ರಗಳು ಸಿಕ್ಕಿಸಿದ್ದಂತೆಯೇ ಅದೇ ಬೋರ್ಡಿನಲ್ಲಿ ಫೇಸಿಗೂ ಭೂಮಿಯ ರಂಧ್ರಕ್ಕೂ ನಡುವೆ 112. ಭೂಸಂಪರ್ಕವು ಸರಿಯಾಗಿದ್ದರೆ ಇವೆರಡೂ ಹೆಚ್ಚುಕಡಮೆ ಸಮನಾಗಿರಬೇಕು. (ನಿಯಾನ್ ಟೆಸ್ಟರನ್ನು ನಂಬಿ ನಿರ್ಣಯಿಸಬಾರದು, ಅದು ಅತ್ಯಲ್ಪ ಪ್ರವಾಹಕ್ಕೂ ಹೊಳೆಯುತ್ತದೆ.) ಹಿತ್ತಲಿಗೆ ಹೋಗಿ ನೋಡಲು, ಭೂಮಿಯ ತಂತಿಯು ತುಕ್ಕು ತಿಂದು ಸಲಾಕೆಯಿಂದ ಕಳಚಿಬಿದ್ದಿತ್ತು. ಅದನ್ನು ತಿಕ್ಕಿ ಬಿಗಿದೊಡನೆ ಝುಮ್ಮೆನ್ನುವುದು ನಿಂತಿತು. ಅಂಗಡಿಯವನು ಚಹಾ ತರಿಸಿದನು.

ಆದರೆ ನಮ್ಮ ಚಿಂತೆ ಹೆಚ್ಚಾದದ್ದು ಆಮೇಲೆಯೇ. ಸಲಾಕೆಯು ಬಂಡೆಗೆ ತಾಕಿ ಎರಡಡಿಗೇ ನಿಂತಿತ್ತು. ಭೂಮಿಯೆಲ್ಲ ಒಂದೇ ಬಗೆಯ ವಾಹಕವಲ್ಲ. ಹುನಗುಂದದ ಹಸಿಯಾದ ಎರೆಮಣ್ಣಿನ ರೋಧಶೀಲತೆಯನ್ನು 20 ಓಮ್-ಮೀಟರು ಎಂದು ಹಿಡಿದರೆ, ಎರಡೂವರೆ ಮೀಟರಿನ ಸಲಾಕೆಯ ರೋಧ ಏಳೆಂಟು ಓಮ್ ಆಗುತ್ತದೆ. ಇಳಕಲ್‌ನ ಗ್ರಾನೈಟು ನೆಲದಲ್ಲಿ, ಬೇಸಗೆಯಲ್ಲಿ ಒಣಗಿದ ಬಾದಾಮಿಯ ಮರಳುಗಲ್ಲಿನಲ್ಲಿ, ರೋಧಶೀಲತೆಯು ಸಾವಿರವನ್ನು ಮುಟ್ಟಿತೆಂದರೆ ಅದೇ ಸಲಾಕೆಗೆ 375 ಓಮ್. ಎರಡಡಿಯದಕ್ಕೆ 1,200 ಓಮ್! ಚಾಲುಕ್ಯರ ಶಿಲ್ಪಿಗಳಿಗೆ ಒಲಿದ ಕಲ್ಲು ವಿದ್ಯುತ್ತಿಗೆ ಒಲಿಯದು.

ಝುಮ್ಮೆನಿಸುವ ಒಂದು ಮಿಲಿಆಂಪಿಯರನ್ನು ಹರಿಸಲು 1,200 ಓಮಿನ ದಾರಿಯೂ ಸಾಕು. ಡಬ್ಬಿಯಲ್ಲಿ ಉಳಿಯುವುದು ಒಂದೆರಡು ವೋಲ್ಟು ಮಾತ್ರ. ಫೇಸ್ ತಂತಿಯ ಹೊದಿಕೆಯು ಹರಿದು ಡಬ್ಬಿಗೆ ತಾಗಿತೆನ್ನೋಣ. ಎರೆಮಣ್ಣಿನ ಊರಿನಲ್ಲಿ ಸುಮಾರು 30 ಆಂಪಿಯರು ಹರಿದು 6 ಆಂಪಿಯರಿನ ಎಂ.ಸಿ.ಬಿ. ಕೂಡಲೆ ಬೀಳುತ್ತದೆ. ಈ ಹಿತ್ತಲಿನಲ್ಲಿ ಹರಿಯುವುದು 0.19 ಆಂಪಿಯರು; ಎಂ.ಸಿ.ಬಿ.ಗೆ ಅದು ಒಂದು ಸಣ್ಣ ದೀಪದ ಲೆಕ್ಕ. ಡಬ್ಬಿಯು 230 ವೋಲ್ಟಿನಲ್ಲಿಯೇ ಉಳಿದು, ಮುಟ್ಟುವವರಿಗಾಗಿ ಕಾದಿರುತ್ತದೆ.

ಅಷ್ಟರಲ್ಲಿ ಅಲ್ಲಿಗೆ ಬಂದವರೊಬ್ಬರು, ಸಾಕೆಟ್ಟಿನಲ್ಲಿಯೇ ನ್ಯೂಟ್ರಲನ್ನು ಭೂಮಿಯ ರಂಧ್ರಕ್ಕೆ ಸೇರಿಸಿಬಿಟ್ಟರೆ ಖರ್ಚಿಲ್ಲದೆ ಮುಗಿಯುತ್ತದೆಂದರು. ನಾವು ಖಂಡಿತವಾಗಿ ಬೇಡವೆಂದೆವು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದ ದಿನ, ಉರಿಯುವ ದೀಪದ ಮೂಲಕ ಫೇಸಿನ ವಿದ್ಯುತ್ತು ನೇರವಾಗಿ ಡಬ್ಬಿಗೆ ಬಂದು ನಿಲ್ಲುತ್ತದೆ.

ಕಲ್ಲುನೆಲಕ್ಕೆ ತಕ್ಕ ಉಪಾಯವೆಂದರೆ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲಿನಲ್ಲಿ ಮರಳಿತೇ ಎಂದು ಅದು ಸದಾ ಲೆಕ್ಕ ನೋಡುತ್ತದೆ. ಅಷ್ಟು ವ್ಯತ್ಯಾಸ ಕಂಡೊಡನೆ ಸೆಕೆಂಡಿನ ಅಲ್ಪಭಾಗದಲ್ಲಿ ಮಂಡಲವನ್ನು ಕಡಿಯುತ್ತದೆ. 1,200 ಓಮಿನ ಕೆಟ್ಟ ಭೂಮಿಯಲ್ಲೂ 190 ಮಿಲಿಆಂಪಿಯರು ಹರಿಯುವುದರಿಂದ ಇದಕ್ಕೆ ಬೇಕಾದಷ್ಟಾಯಿತು. ಅದರ ಮೇಲಿನ ಪರೀಕ್ಷಾಗುಂಡಿಯನ್ನು ಆಗಾಗ ಒತ್ತಿ ನೋಡುವುದು ಅವಶ್ಯ. ಇದನ್ನೆಲ್ಲ ಪರವಾನಗಿ ಪಡೆದ ವಿದ್ಯುತ್ ಕೆಲಸದವರಿಂದಲೇ ಮಾಡಿಸಬೇಕು. ಗಣಕಯಂತ್ರದ ಮೆಕ್ಯಾನಿಕ್ಕಿನ ಕೆಲಸವಿದಲ್ಲ.

ಅಂಗಡಿಯವನು ಆರ್.ಸಿ.ಸಿ.ಬಿ. ಹಾಕಿಸಿದ್ದಾನೆ. ಬಂಡೆ ಆಳದಲ್ಲಿರುವ ಮೂಲೆಯನ್ನು ಹುಡುಕಿ, ಇದ್ದಲು ಉಪ್ಪು ತುಂಬಿ ಕೊಳವೆ ಹೂಳಿಸಿದ್ದಾನೆ. ಬೇಸಗೆಯಲ್ಲಿ ಅದಕ್ಕೊಂದು ಕೊಡ ನೀರು ಹಾಕುತ್ತಾನೆ. ಪಕ್ಕದ ಮಗ್ಗದ ಮನೆಯಲ್ಲಿ ಫ್ರಿಜ್ಜಿನ ಪ್ಲಗ್ಗು ಸಾಕೆಟ್ಟಿಗೆ ಹೊಂದದೆಂದು ಮೂರನೆಯ ಪಿನ್ನನ್ನೇ ಕತ್ತರಿಸಿದ್ದಾರಂತೆ. ಬರುವ ಭಾನುವಾರ ಅಲ್ಲಿಗೆ ಹೋಗಬೇಕಾಗಿದೆ.