ಬ್ಯಾಟರಿಗೆ ನೀರು ಹಾಕುವ ತಿಂಗಳು

ಮೇ ತಿಂಗಳ ಕೊನೆಯ ವಾರ ತೀರ್ಥಹಳ್ಳಿ ಪೇಟೆಗೆ ಹೋದರೆ ಪಂಚಾಂಗ ನೋಡಬೇಕಾಗಿಲ್ಲ. ಅಂಗಡಿಗಳ ಮುಂಗಟ್ಟೇ ಮಳೆ ಎಷ್ಟು ಹತ್ತಿರ ಬಂತೆಂದು ಹೇಳುತ್ತದೆ. ನೀಲಿ ಟಾರ್ಪಾಲಿನ ಸುರುಳಿ, ನೇತುಹಾಕಿದ ಕೊಡೆಗಳು, ಮೊಣಕಾಲುದ್ದದ ರಬ್ಬರ್ ಬೂಟು, ಅಡಿಕೆಯ ಕೊಳೆರೋಗಕ್ಕೆ ಹೊಡೆಯಲು ಮೈಲುತುತ್ತ, ಸುಣ್ಣ. ಇತ್ತೀಚಿನ ವರ್ಷಗಳಲ್ಲಿ ಈ ಸಾಲಿಗೆ ಐದು ಲೀಟರಿನ ಬಿಳಿ ಕ್ಯಾನುಗಳೂ ಸೇರಿಕೊಂಡಿವೆ. ಒಳಗಿರುವುದು ಇನ್ವರ್ಟರಿನ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಜಗತ್ತಿನಲ್ಲೇ ಅತಿ ಹೆಚ್ಚು ನೀರು ಬೀಳುವ ಸೀಮೆಗಳಲ್ಲಿ ಒಂದಾದ ಇಲ್ಲಿ, ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಹತ್ತಿರದಲ್ಲಿ, ಜನ ದುಡ್ಡು ಕೊಟ್ಟು ನೀರು ಕೊಳ್ಳುವುದು ಇದೊಂದಕ್ಕೆ.

"ಬಾವಿ ನೀರು ಹಾಕಿದ್ರೆ ಆಗಲ್ವಾ?" ಎಂದು ಯಾರೋ ಕೇಳುತ್ತಾರೆ.

"ಹಾಕಿ ಗೌಡ್ರೇ. ಮುಂದಿನ ವರ್ಷ ಹೊಸ ಬ್ಯಾಟರಿ ನನ್ ಹತ್ರಾನೇ ತಗೊಳ್ಳಿ" ಎನ್ನುತ್ತಾನೆ ಅಂಗಡಿಯವನು. ಬಾವಿ ನೀರಿನ ಲವಣ ಸೀಸದ ಫಲಕಗಳನ್ನು ತಿನ್ನುತ್ತದೆ ಎಂಬ ಪಾಠವನ್ನು ಅವನು ಇದಕ್ಕಿಂತ ಚೆನ್ನಾಗಿ ಹೇಳಲಾರ. ಗೌಡರು ಎರಡು ಕ್ಯಾನು ಎತ್ತಿಕೊಳ್ಳುತ್ತಾರೆ.

ಮಲೆನಾಡಿನ ಮನೆಗಳಲ್ಲಿ ಮೇ ಎಂದರೆ ಕೂಡಿಡುವ ತಿಂಗಳು. ಕೊಟ್ಟಿಗೆ ಪಕ್ಕದ ಮಾಡಿನಡಿ ಸೌದೆ ಏರಬೇಕು, ಹಲಸಿನ ಹಪ್ಪಳ ಡಬ್ಬಿ ಸೇರಬೇಕು, ದನಗಳಿಗೆ ಹುಲ್ಲು, ಹಾಸಲು ದರಗು. ಮೃಗಶಿರಾ ಹಿಡಿದರೆ ಆಮೇಲೆ ಯಾವುದೂ ಒಣಗುವುದಿಲ್ಲ. ಕರೆಂಟನ್ನೂ ಹಪ್ಪಳದ ಹಾಗೆ ಬಿಸಿಲಿರುವಾಗಲೇ ಡಬ್ಬಿಗೆ ಹಾಕಿಡಬೇಕೆಂಬುದು ಈ ಮನೆಗಳು ಕಲಿತಿರುವ ಹೊಸ ವಿದ್ಯೆ.

ಆ ಡಬ್ಬಿಯ, ಅಂದರೆ ಬ್ಯಾಟರಿಯ, ಪೂಜೆ ನಡೆಯುವುದು ಜಗಲಿಯ ಮೂಲೆಯಲ್ಲಿ. ಮನೆಯಾಕೆ ಹಳೆಯ ಸೀರೆ ಉಟ್ಟು ಕೂರುತ್ತಾಳೆ. ಆಸಿಡ್ ಒಂದು ಹನಿ ಸಿಡಿದರೂ ಬಟ್ಟೆ ತೂತು. ಪಕ್ಕದಲ್ಲಿ ಅಡುಗೆ ಸೋಡದ ಪೊಟ್ಟಣ, ಚೆಲ್ಲಿದರೆ ಉದುರಿಸಲಿಕ್ಕೆ. ಬ್ಯಾಟರಿಯ ಮೇಲೆ ಆರು ಮುಚ್ಚಳ, ಒಂದೊಂದರಲ್ಲೂ ತೇಲುವ ಕಡ್ಡಿ. ಕಡ್ಡಿ ಕೆಂಪಿಗೆ ಇಳಿದಿದ್ದರೆ ನೀರು ಬೇಕು, ಹಸಿರಿಗೆ ಏರಿದರೆ ಕೈ ನಿಲ್ಲಿಸಬೇಕು. ಹೆಚ್ಚು ಹಾಕಿದರೆ ಚಾರ್ಜ್ ಆಗುವಾಗ ಉಕ್ಕಿ ನೆಲ ಸುಡುತ್ತದೆ. ಟರ್ಮಿನಲ್‌ಗಳ ಮೇಲೆ ಬೂದು ಹಸಿರಿನ ಪುಡಿ ಕಟ್ಟಿರುತ್ತದೆ. ಇನ್ವರ್ಟರ್ ಆಫ್ ಮಾಡಿ, ವಯರು ಬಿಚ್ಚಿ, ಬಿಸಿನೀರಲ್ಲಿ ತೊಳೆದು, ಒರೆಸಿ, ತುಸು ವ್ಯಾಸಲಿನ್ ಸವರಿ ನಟ್ಟು ಬಿಗಿಯಬೇಕು. ನೀರು ಕಡಿಮೆಯಾದಾಗ ಆಸಿಡ್ ಸುರಿಯುವವರೂ ಇದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆಂದು ಅವರಿಗೆ ಹೇಳಿದವರಿಲ್ಲ. ಜಗಲಿ ಯಾಕೆಂದರೆ ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ದೇವರ ದೀಪ ಉರಿಯುವ ಮುಚ್ಚಿದ ಕೋಣೆ ಅದಕ್ಕೆ ಜಾಗವಲ್ಲ.

ಬೆಂಗಳೂರಿನ ಮಗ ಫೋನಿನಲ್ಲಿ, "ಅಮ್ಮ, ಇನ್ನೊಂದು ಬ್ಯಾಟರಿ ಹಾಕ್ಸು" ಎನ್ನುತ್ತಾನೆ. ಜುಲೈಯಲ್ಲಿ ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡುವ ಯೋಚನೆ ಅವನದು. ತಾಯಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬೇರೆಯೇ ಲೆಕ್ಕ ಬರೆದಿರುತ್ತಾಳೆ. ಮನೆಯ ಬ್ಯಾಟರಿ 12 ವೋಲ್ಟಿನದು, 150 ಆಂಪಿಯರ್ ಅವರ್. ಗುಣಿಸಿದರೆ 1,800 ವ್ಯಾಟ್ ಅವರ್. ಪೂರ್ತಿ ಬರಿದು ಮಾಡಿದರೆ ಬ್ಯಾಟರಿಯ ಆಯಸ್ಸು ಕಡಿಮೆಯಾಗುತ್ತದೆ, ಇನ್ವರ್ಟರೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಕೈಗೆ ಸಿಗುವುದು 1,200 ಎಂದಿಟ್ಟುಕೊಳ್ಳೋಣ. 9 ವ್ಯಾಟಿನ ಎಲ್‌ಇಡಿ ಐದು, ಇಂಟರ್ನೆಟ್ಟಿನ ಡಬ್ಬಿ, ಫೋನಿನ ಚಾರ್ಜರ್ ಎರಡು ಸೇರಿದರೆ ಸುಮಾರು 70 ವ್ಯಾಟ್. ಸಂಜೆ ಆರರಿಂದ ಹತ್ತರವರೆಗೆ 280. ಅಂದರೆ ನಾಲ್ಕು ರಾತ್ರಿ. ಫ್ಯಾನಿನ ಮಾತೇ ಇಲ್ಲ. ಆಶ್ಲೇಷಾ ಮಳೆಯಲ್ಲಿ ಫ್ಯಾನು ಹಾಕುವವರನ್ನು ಇಲ್ಲಿ ವೈದ್ಯರ ಬಳಿ ಕರೆದೊಯ್ಯುತ್ತಾರೆ. ಫ್ರಿಜ್ಜು ಪ್ಲಗ್ ಕಿತ್ತು ಬಾಗಿಲು ತೆರೆದು ಕೂತಿರುತ್ತದೆ.

ಈ ನಾಲ್ಕು ರಾತ್ರಿಯನ್ನು ಎರಡು ಮಾಡುವ ಒಬ್ಬ ಕಳ್ಳ ಇದ್ದಾನೆ. ಒಂದು ದೀಪವೂ ಉರಿಯದೆ ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ಗಂಟೆಗೆ ಹತ್ತು ಹದಿನೈದು ವ್ಯಾಟ್ ಅವರ್ ಕುಡಿಯುತ್ತದೆ. ಉಳಿದ ಇಪ್ಪತ್ತು ಗಂಟೆಗೆ ಹದಿನೈದರಂತೆ ಅದೇ 300 ಆಯಿತು, ಮನೆಯವರು ಬೆಳಕಿಗೆ ಬಳಸಿದ್ದಕ್ಕಿಂತ ಹೆಚ್ಚು! ಹಾಗಾಗಿ ಇಲ್ಲಿ ಅನುಭವ ಇದ್ದವರು ಕರೆಂಟು ಹೋದ ದಿನ ಮಲಗುವ ಮುಂಚೆ ಇನ್ವರ್ಟರಿನ ಸ್ವಿಚ್ಚನ್ನೇ ಆರಿಸುತ್ತಾರೆ, ರಾತ್ರಿಗೆ ದಿಂಬಿನ ಪಕ್ಕ ಟಾರ್ಚು. ಇನ್ನೊಂದು ಗುಟ್ಟು ಇನ್ವರ್ಟರಿನ ಬೆನ್ನಿಗಿರುವ ಪುಟ್ಟ ಸ್ವಿಚ್ಚಿನದು. ಅದು ಯುಪಿಎಸ್ ಎಂಬ ಕಡೆಗಿದ್ದರೆ ಲೈನಿನ ವೋಲ್ಟೇಜು 180ಕ್ಕಿಂತ ಇಳಿದ ಕೂಡಲೇ ಇನ್ವರ್ಟರ್ ಕರೆಂಟನ್ನೇ ಒಪ್ಪುವುದಿಲ್ಲ. ಕಂಪ್ಯೂಟರಿಗೆ ಅದು ಸರಿ. ಆದರೆ ಲೈನಿನ ತುದಿಯ ಮನೆಗಳಲ್ಲಿ ಮಳೆಗಾಲದ ಸಂಜೆ ವೋಲ್ಟೇಜು 160, 170ರಲ್ಲೇ ತೂಕಡಿಸುತ್ತಿರುತ್ತದೆ. ಲೈನಿನಲ್ಲಿ ಕರೆಂಟಿದ್ದರೂ ಬ್ಯಾಟರಿ ಖಾಲಿಯಾಗುತ್ತಿದೆ ಎಂದು ಗಾಬರಿಯಾಗುವ ಮನೆಗಳಲ್ಲಿ ಎಷ್ಟೋ ಸಲ ತಪ್ಪಿರುವುದು ಆ ಸ್ವಿಚ್ಚು ಮಾತ್ರ.

ಕರೆಂಟು ಹೋಗುವುದಾದರೂ ಯಾಕೆ? ಬಯಲುಸೀಮೆಯವರು ಕೇಳುವ ಪ್ರಶ್ನೆ ಇದು, ಕೇಳಬೇಕಾದ್ದೇ. ಈ ಗುಡ್ಡಗಳ ಆಚೆ ಶರಾವತಿಯ ಹತ್ತು ಯಂತ್ರಗಳು 1,035 ಮೆಗಾವಾಟ್ ತಯಾರಿಸಬಲ್ಲವು. ಈಚೆ ಮಾಣಿ ಅಣೆಕಟ್ಟಿನ ನೀರು ಇಳಿದು ವಾರಾಹಿಯ ನೆಲದೊಳಗಿನ ವಿದ್ಯುದಾಗಾರದಲ್ಲಿ 460 ಮೆಗಾವಾಟ್. ಮಳೆ ಜೋರಾದಷ್ಟೂ ಅಲ್ಲಿ ಹಬ್ಬ. ಅಲ್ಲಿಂದ ಹೊರಡುವ 220 ಕಿಲೋವೋಲ್ಟಿನ ಲೈನು ಉಕ್ಕಿನ ಗೋಪುರಗಳ ಮೇಲೆ ಕಾಡನ್ನು 35 ಮೀಟರ್ ಅಗಲ ಸೀಳಿಕೊಂಡು ನೇರ ಹೋಗುತ್ತದೆ. ಮರ ಬಿದ್ದರೂ ಅದಕ್ಕೆ ತಾಗುವುದು ಅಪರೂಪ. ಅದೇ ಗುಡ್ಡದ ಕೆಳಗೆ ಹನ್ನೊಂದು ಸಾವಿರ ವೋಲ್ಟಿನ ಬಡಪಾಯಿ ಲೈನು ಅಕೇಶಿಯಾ, ಹೊನ್ನೆ, ಬಿದಿರುಮೆಳೆಗಳ ಸಂದಿಯಲ್ಲಿ, ತೋಟದ ಅಂಚಿನಲ್ಲಿ ತೂರಿಕೊಂಡು ಹತ್ತಿಪ್ಪತ್ತು ಮೈಲಿ ಬರಬೇಕು. ಅದಕ್ಕೆ ಕರೆಂಟು ಬರುವುದು ಬಹುಪಾಲು ಒಂದೇ ಕಡೆಯಿಂದ. ಮಧ್ಯೆ ಒಂದು ಕೊಂಬೆ ಮುರಿದರೆ ಅಲ್ಲಿಂದಾಚೆಗಿನ ಊರೆಲ್ಲ ಕತ್ತಲೆ. ನದಿಗೆ ಅಣೆ ಕಟ್ಟಲು ಊರು ಬಿಟ್ಟುಕೊಟ್ಟ ಸೀಮೆ ಲಾಟೀನು ಹುಡುಕುತ್ತಿರುವಾಗ ಆ ಗೋಪುರಗಳ ತಂತಿ ತಲೆಯ ಮೇಲೆ ಗುಂಯ್ಗುಡುತ್ತಿರುತ್ತದೆ. ಇದನ್ನು ತಾಂತ್ರಿಕ ಅನಿವಾರ್ಯ ಎಂದು ಎಂಜಿನಿಯರುಗಳು ವಿವರಿಸಬಲ್ಲರು. ನನಗೆ ಆ ವಿವರಣೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಜೂನ್ ತಿಂಗಳ ಮಳೆ ಹೆಚ್ಚು ತೊಂದರೆ ಕೊಡುವುದಿಲ್ಲ. ಒಣ ಕೊಂಬೆ, ಅಡಿಕೆ ಸೋಗೆ ಬೀಳುತ್ತವೆ, ಫ್ಯೂಸು ಹೋಗುತ್ತದೆ, ಸಂಜೆಯೊಳಗೆ ಸರಿಯಾಗುತ್ತದೆ. ಪುನರ್ವಸು, ಪುಷ್ಯ ಕಳೆಯುವಾಗ ನೆಲ ನೆನೆದು ಬೇರಿನ ಹಿಡಿತ ಸಡಿಲಾಗಿರುತ್ತದೆ. ಆಮೇಲೆ ಬೀಸುವ ಗಾಳಿಗೆ ಕೊಂಬೆಯಲ್ಲ, ಮರವೇ ಬುಡಸಮೇತ ಮಲಗುತ್ತದೆ. ಮಲಗುವಾಗ ಒಂದಲ್ಲ, ಮೂರು ನಾಲ್ಕು ಕಂಬಗಳನ್ನು ಜೊತೆಗೆ ಎಳೆದುಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ಮಲೆನಾಡು, ಕೊಡಗು, ಉತ್ತರ ಕರ್ನಾಟಕ ಒಟ್ಟಿಗೆ ನೀರಿನಲ್ಲಿ ನಿಂತಾಗ ಕಂಬ ಸಾಗಿಸಲು ರಸ್ತೆಯೇ ಇಲ್ಲದ ಊರುಗಳಿದ್ದವು. ಅಂಥ ದಿನಗಳಲ್ಲಿ ನಾಲ್ಕು ರಾತ್ರಿಯ ಲೆಕ್ಕವೂ ಸಾಲುವುದಿಲ್ಲ.

ಮೊದಲ ದಿನ ಮನೆ ಮನೆಯಾಗಿಯೇ ಇರುತ್ತದೆ. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಫೋನಿನಲ್ಲಿ ಸಿಗ್ನಲಿನ ಗೆರೆ ಒಂದೊಂದಾಗಿ ಮಾಯವಾಗುತ್ತದೆ. ಮೊಬೈಲ್ ಟವರಿನ ಬ್ಯಾಟರಿ ಮುಗಿದು, ಡೀಸೆಲ್ ತರುವ ಗಾಡಿ ಮುರಿದ ಮರದ ಆಚೆ ನಿಂತಿರುತ್ತದೆ. ದೂರು ಹೇಳಲು 1912ಕ್ಕೆ ಕರೆ ಮಾಡಿ ಎಂದು ಬಿಲ್ಲಿನ ಮೇಲೆ ಅಚ್ಚಾಗಿದೆ. ಕರೆ ಮಾಡಲು ಸಿಗ್ನಲು ಬೇಕು, ಸಿಗ್ನಲಿಗೆ ಕರೆಂಟು ಬೇಕು. ಗುಡ್ಡದ ನೆತ್ತಿಯಲ್ಲಿ ಒಂದು ಗೆರೆ ಸಿಗುತ್ತದೆಂದು ಹುಡುಗರು ಕೊಡೆ ಹಿಡಿದು ಹತ್ತುತ್ತಾರೆ. ಕಾಲಿಗೆ ಉಂಬಳ ಅಂಟಿಸಿಕೊಂಡು ಇಳಿಯುತ್ತಾರೆ. ನೀರಿನ ಚಿಂತೆ ಮಾತ್ರ ಇಲ್ಲ. ಅಬ್ಬಿಯ ನೀರು ಪೈಪಿನಲ್ಲಿ ತಾನಾಗಿ ಇಳಿದು ಬಚ್ಚಲಿಗೆ ಬರುತ್ತದೆ. ಪಂಪನ್ನೇ ನಂಬಿದ ಪೇಟೆಯ ಹೊಸ ಮನೆಗಳವರು ಸುರಿಯುವ ಮಳೆಯಲ್ಲಿ ಕೊಡ ಹಿಡಿದು ನಿಂತಿರುತ್ತಾರೆ.

ಇದೇ ಹೊತ್ತಿಗೆ ಒಂದು ಮನೆಯ ಮಾಡಿನ ಮೇಲೆ ಮೂರು ಕಿಲೋವಾಟಿನ ಸೋಲಾರ್ ಫಲಕಗಳು ಮಳೆಯಲ್ಲಿ ಮೀಯುತ್ತಿರುತ್ತವೆ, ಒಳಗೆ ಮೇಣದಬತ್ತಿ. 2024ರಲ್ಲಿ ಬಂದ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಹಾಯಧನ ಪಡೆದು ಹಾಕಿಸಿದ್ದು. ಮಳೆ ನಿಂತು ಬಿಸಿಲು ಬಿದ್ದರೂ ಲೈನಿನಲ್ಲಿ ಕರೆಂಟಿಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಲೈನಿಗೆ ಜೋಡಿಸಿದ ಇಂಥ ಇನ್ವರ್ಟರು ಲೈನು ಸತ್ತ ಕ್ಷಣವೇ ತಾನೂ ನಿಲ್ಲಬೇಕೆಂಬುದು ನಿಯಮ. ಬ್ಯಾಟರಿ ಇರುವ ಹೈಬ್ರಿಡ್ ಬೇರೆ, ಇದು ಬೇರೆ. ಬಿಲ್ಲು ಕಡಿಮೆ ಮಾಡುವ ಯಂತ್ರವನ್ನು ಕತ್ತಲೆಗೆ ಮದ್ದೆಂದು ಕೊಂಡವರ ಮುಖ ನೋಡಲಾಗುವುದಿಲ್ಲ. ಅವರ ಆಳಿನ ಮನೆಯಲ್ಲಿ ಹಳೆಯ ಪುಟ್ಟ ಸೋಲಾರ್ ದೀಪ, ಒಂದು ಫಲಕ, ಒಂದು ಬ್ಯಾಟರಿ, ಎರಡು ಬಲ್ಬು, ಮಂಕಾಗಿಯಾದರೂ ಉರಿಯುತ್ತಿರುತ್ತದೆ. 1995ರಲ್ಲಿ ಸೆಲ್ಕೋ ಎಂಬ ಸೋಲಾರ್ ಕಂಪನಿ ಶುರುಮಾಡಿ ಹರೀಶ್ ಹಂದೆಯವರು ಕರಾವಳಿ, ಮಲೆನಾಡಿನ ಮನೆಗಳಿಗೆ ಹೊತ್ತುಕೊಂಡು ಹೋದದ್ದು ಈ ಬಗೆಯ ದೀಪಗಳನ್ನೇ.

ಲೈನು ಸತ್ತರೆ ಇನ್ವರ್ಟರೂ ನಿಲ್ಲಬೇಕೆಂಬ ನಿಯಮ ಯಾಕೆ ಅಷ್ಟು ಬಿಗಿ ಎನ್ನುವುದನ್ನು ಲೈನ್‌ಮ್ಯಾನ್ ಬಾಯಲ್ಲೇ ಕೇಳಬೇಕು. ಮೂರನೆಯ ದಿನ ಅವನು ಬರುತ್ತಾನೆ, ಹೆಗಲಿಗೆ ಹಗ್ಗ, ತಲೆಗೆ ಹಳದಿ ಹೆಲ್ಮೆಟ್ಟು, ಮೈಯೆಲ್ಲ ಕೆಸರು. ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಂಡಿದ್ದಾನೆ. ಕಂಬದ ಬಳಿಯ ಸ್ವಿಚ್ಚು ಇಳಿಸಿದ್ದಾನೆ. ಆದರೂ ಜಗಲಿಯಲ್ಲಿ ನಿಂತು ಕೇಳುವ ಮೊದಲ ಮಾತು, "ಈ ಟೀಸಿ ಮೇಲೆ ಯಾರ್ಯಾರ ಮನೇಲಿ ಜನರೇಟರ್ ಉಂಟು?"

ಮನೆಯಜಮಾನರು ಕಾಫಿ ಕೊಡುತ್ತ, "ಯಾಕೆ ಮಾರಾಯ, ಎರವಲು ಬೇಕಾ?" ಎಂದು ನಗುತ್ತಾರೆ.

"ನಗ್ಬೇಡಿ. ಯಾರೋ ಪುಣ್ಯಾತ್ಮರು ಜನರೇಟರಿನ ವಯರನ್ನ ಗೋಡೆ ಪ್ಲಗ್ಗಿಗೆ ಚುಚ್ಚಿರ್ತಾರೆ. ಮೇನು ಇಳಿಸೋಕೆ ಮರ್ತಿರ್ತಾರೆ. ನಾನು ಸತ್ತ ಲೈನು ಅಂತ ಮೇಲೆ ಹತ್ತಿರ್ತೀನಿ."

ಅವನು ಅಲ್ಲಿಗೆ ನಿಲ್ಲಿಸಿದರೂ ಮುಂದಿನದು ಎಲ್ಲರಿಗೂ ಗೊತ್ತು. ಹನ್ನೊಂದು ಸಾವಿರವನ್ನು ಮನೆಯ 230ಕ್ಕೆ ಇಳಿಸುವ ಟೀಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ದಿಕ್ಕಿನ ಭೇದವಿಲ್ಲ. ಈ ಕಡೆಯಿಂದ 230 ನುಗ್ಗಿದರೆ ಆ ಕಡೆ ಹನ್ನೊಂದು ಸಾವಿರವಾಗಿ ಹೊರಡುತ್ತದೆ. ಅದಕ್ಕೇ ಅನುಭವಿ ಲೈನ್‌ಮ್ಯಾನುಗಳು ತಂತಿಗೆ ಅರ್ಥಿಂಗ್ ಸರಪಳಿ ಸಿಕ್ಕಿಸದೆ ಮುಟ್ಟುವುದಿಲ್ಲ. ಜನರೇಟರ್ ಇಟ್ಟುಕೊಂಡ ಮನೆಯಲ್ಲಿ ಇರಬೇಕಾದ್ದು ಚೇಂಜ್‌ಓವರ್ ಸ್ವಿಚ್ಚು. ಅದರ ಹಿಡಿ ಒಂದೋ ಲೈನಿನ ಕಡೆ, ಇಲ್ಲ ಜನರೇಟರಿನ ಕಡೆ. ಎರಡೂ ಒಟ್ಟಿಗೆ ಆಗಲು ಸಾಧ್ಯವೇ ಇಲ್ಲ. ಇನ್ನೊಂದು ಅಪಾಯ ವಾಸನೆಯೇ ಇಲ್ಲದ್ದು. ಮಳೆಗೆ ನೆನೆಯಬಾರದೆಂದು ಜನರೇಟರನ್ನು ಕೊಟ್ಟಿಗೆಯೊಳಗೋ ಮುಚ್ಚಿದ ಜಗಲಿಯಲ್ಲೋ ಓಡಿಸಿದರೆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಮಲಗಿದಲ್ಲೇ ಮುಗಿಸುತ್ತದೆ. ಅದು ಮನೆಯಿಂದ ದೂರ, ಬೇರೆ ಮಾಡಿನಡಿ ಇರಬೇಕು.

ಊರಿಗೆಲ್ಲ ಕತ್ತಲೆಯಿರುವಾಗ ಹಳ್ಳದ ಮೇಲಿನ ಒಂದು ಮನೆಯಲ್ಲಿ ಮಿಕ್ಸಿ ತಿರುಗುವ ಸದ್ದು ಕೇಳುತ್ತದೆ. ಅವರದ್ದು ಸ್ವಂತ ಕರೆಂಟು. ಗುಡ್ಡದ ಹಳ್ಳಕ್ಕೆ ಪುಟ್ಟ ಕಟ್ಟೆ, ಅಲ್ಲಿಂದ ಪೈಪು, ಕೆಳಗೆ ಶೀಟಿನ ಗುಡಿಸಲಿನಲ್ಲಿ ಬಟ್ಟಲುಗಳ ಚಕ್ರ. ಹಿತ್ತಾಳೆಯ ಮೂತಿಯಿಂದ ಚಿಮ್ಮುವ ನೀರು ಬಟ್ಟಲುಗಳಿಗೆ ಬಡಿದು ಚಕ್ರ ತಿರುಗಿಸುತ್ತದೆ, ಚಕ್ರಕ್ಕೆ ಕೂಡಿಸಿದ ಡೈನಮೋ ಕರೆಂಟು ಮಾಡುತ್ತದೆ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ಬಿದ್ದರೆ ಲೆಕ್ಕದ ಪ್ರಕಾರ ಸುಮಾರು ಎರಡು ಕಿಲೋವಾಟ್. ಪೈಪಿನ ಘರ್ಷಣೆ, ಯಂತ್ರದ ನಷ್ಟ ಕಳೆದು ಒಂದು ಉಳಿಯಿತೆಂದರೂ ಕೆಳಗಿನ ಮನೆಯ ಬ್ಯಾಟರಿ ನಾಲ್ಕು ರಾತ್ರಿಗೆಂದು ಕೂಡಿಟ್ಟದ್ದನ್ನು ಇದು ಒಂದೂಕಾಲು ಗಂಟೆಯೊಳಗೆ ಕೊಟ್ಟುಬಿಡುತ್ತದೆ. ಮಳೆ ಹೆಚ್ಚಿದಷ್ಟೂ ಕರೆಂಟು! ಮನೆಯವರು ದೀಪ ಆರಿಸಿದಾಗ ಹೊರೆ ಇಳಿದು ಚಕ್ರ ಹುಚ್ಚು ಹಿಡಿದಂತೆ ಓಡಬಾರದಲ್ಲ. ಮಿಕ್ಕ ಕರೆಂಟನ್ನು ಬಚ್ಚಲಿನ ಹೀಟರಿಗೆ ತಿರುಗಿಸುವ ಪೆಟ್ಟಿಗೆಯೊಂದಿದೆ. ಹಾಗಾಗಿ ಆ ಮನೆಯಲ್ಲಿ ರಾತ್ರಿ ಮಲಗಿದಷ್ಟೂ ಹೊತ್ತು ಸ್ನಾನದ ನೀರು ಕಾಯುತ್ತದೆ.

ಹೊಟ್ಟೆಕಿಚ್ಚು ಪಡುವ ಮುಂಚೆ ಅವರ ಕಷ್ಟವನ್ನೂ ನೋಡಬೇಕು. ಕಟ್ಟೆಯ ಜಾಲರಿಗೆ ಎಲೆ ಕಟ್ಟಿ ನೀರು ನಿಂತರೆ ದೀಪ ಮಿಣುಕುತ್ತದೆ. ಆಗ ರಾತ್ರಿ ಹನ್ನೊಂದೇ ಇರಲಿ, ಕಂಬಳಿಕೊಪ್ಪೆ ಹಾಕಿ, ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿ ಹಳ್ಳದ ತಲೆಯವರೆಗೆ ಹೋಗಿ ಎಲೆ ತೆಗೆಯಬೇಕು. ಹಳ್ಳ ಉಕ್ಕಿದರೆ ಕಟ್ಟೆಯೇ ಹೋಗುತ್ತದೆ. ಬೇಸಿಗೆಗೆ ಹಳ್ಳ ಬತ್ತಿದರೆ ಅವರೂ ಎಲ್ಲರಂತೆ ಲೈನಿನ ಗಿರಾಕಿಗಳೇ. ಆದರೂ ಕರೆಂಟಿಲ್ಲದ ಐದು ದಿನ ಆ ಮನೆ ಊರಿನ ನಡುಮನೆಯಾಗುತ್ತದೆ. ಇಡ್ಲಿ ಹಿಟ್ಟು ರುಬ್ಬಿಸಲು, ಔಷಧಿ ಹೊಡೆಯುವವರ ಟಾರ್ಚು ಚಾರ್ಜು ಮಾಡಲು, ಉಸಿರಾಟದ ಮುದುಕರೊಬ್ಬರ ನೆಬ್ಯುಲೈಸರ್ ಹಿಡಿಸಲು ಜನ ಬರುತ್ತಾರೆ. ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಹದಿನೈದು ಫೋನು ಒಟ್ಟಿಗೆ ಸಿಕ್ಕಿಸಿ, ಯಾವುದು ಯಾರದ್ದೆಂದು ಗೊತ್ತಾಗಲು ಹೆಸರಿನ ಚೀಟಿ ಅಂಟಿಸಿರುತ್ತಾರೆ.

ಐದನೆಯ ದಿನ ಸಂಜೆ ಕರೆಂಟು ಬಂದು ಎರಡು ಗಂಟೆ ನಿಂತು ಮತ್ತೆ ಹೋಗುತ್ತದೆ. ಸೀಸದ ಬ್ಯಾಟರಿಗೆ ಪೂರ್ತಿ ತುಂಬಿಕೊಳ್ಳಲು ಹತ್ತು ಹನ್ನೆರಡು ಗಂಟೆ ಬೇಕು. ಎರಡು ಗಂಟೆಯಲ್ಲಿ ಅದು ಐದರಲ್ಲಿ ಒಂದು ಭಾಗವೂ ತುಂಬಿರುವುದಿಲ್ಲ. ಲೀಥಿಯಂ ಬ್ಯಾಟರಿ ಇದ್ದಿದ್ದರೆ ಅಷ್ಟರಲ್ಲೇ ಬಹುಪಾಲು ಕುಡಿದು ಮುಗಿಸುತ್ತಿತ್ತು, ನೀರು ಹಾಕುವ ರಗಳೆಯೂ ಇಲ್ಲ. ದುಬಾರಿ ನಿಜ. ಆದರೆ ಕರೆಂಟು ಹೀಗೆ ತುಣುಕು ತುಣುಕಾಗಿ ಬರುವ ಸೀಮೆಗೆ ಅದು ಶೋಕಿಯಲ್ಲ ಎಂದೇ ನನ್ನ ಲೆಕ್ಕ. ಕ್ಯಾಲೆಂಡರಿನ ಹಿಂಬದಿಯಲ್ಲಿ ತಾಯಿ ಅದನ್ನೂ ಬರೆದುಕೊಂಡಿದ್ದಾಳೆ, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಅಡಿಕೆ ರೇಟು ನೋಡಿಕೊಂಡು ತೀರ್ಮಾನ. ಅದರ ಮೇಲಿನ ಸಾಲಿಗೆ ಪ್ರಶ್ನೆಯೇ ಇಲ್ಲ. ಮಗ ಕಳೆದ ವರ್ಷ ತಂದಿಟ್ಟ ಪೆಟ್ರೋಲ್ ಜನರೇಟರಿಗೆ ಚೇಂಜ್‌ಓವರ್ ಸ್ವಿಚ್ಚು, ಚೌತಿಯೊಳಗೆ, ಎಲೆಕ್ಟ್ರಿಷಿಯನ್ನಿಗೆ ಹೇಳಿಯಾಗಿದೆ.