ಎರಡು ಜಾಡಿ, ಹತ್ತು ಗ್ರಾಂ ಮಣ್ಣು

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಗಳ ಹಳೆಯ ಹೆಂಚಿನ ಮನೆಗಳಿಗೆ ಹಾಕಿದ್ದು ಹೆಚ್ಚು ಆಳವಿಲ್ಲದ ಕಲ್ಲಿನ ಪಾಯ. ಎಷ್ಟೋ ಮನೆಗಳು ಇನ್ನೂ ನೆಟ್ಟಗಿವೆ. ಮೇಸ್ತ್ರಿಗಳ ಕೈಗುಣವನ್ನು ಹೊಗಳುವ ನಾವು ಅಡಿಯ ಮಣ್ಣನ್ನು ಮರೆಯುತ್ತೇವೆ. ಲಾಲ್‌ಬಾಗಿನ ಬಂಡೆಯಂಥ ನೈಸ್ ಶಿಲೆ ಶಿಥಿಲವಾಗಿ ಆದ ಕೆಂಪು ಮಣ್ಣು ಅದು. ಅದರ ಜೇಡಿಯಲ್ಲಿ ಹೆಚ್ಚಿನ ಪಾಲು ಕೆಯೋಲಿನೈಟ್ ಎಂಬ ಖನಿಜ. ನೀರು ಕುಡಿದರೂ ಅಷ್ಟಾಗಿ ಉಬ್ಬದು. ನವಲಗುಂದ, ನರಗುಂದದ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಹಾಗಲ್ಲ. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಮೇಲಿನ ಗೋಡೆಯನ್ನೂ ಸೀಳುತ್ತದೆ.

ಈ ಎರಡು ಸ್ವಭಾವಗಳ ಬೆನ್ನು ಹತ್ತಿದವರು ಮಲ್ಲೇಶ್ವರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಸೂರಿ ಶ್ರೀಧರನ್. 1973ರಲ್ಲಿ ಜಿ. ವೆಂಕಟಪ್ಪ ರಾವ್ ಅವರೊಡನೆ 'ಜಿಯೊಟೆಕ್ನಿಕ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಜೇಡಿಮಣ್ಣು ಹಿಗ್ಗಿ ಕುಗ್ಗುವುದರ ಹಿಂದೆ ಎರಡು ಬಗೆಯ ಕಾರಣಗಳಿವೆಯೆಂದು ತೋರಿಸಿದರು. ಕೆಯೋಲಿನೈಟಿನಲ್ಲಿ ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಬಲದ್ದೇ ಕಾರುಬಾರು. ಮಾಂಟ್‌ಮೊರಿಲೊನೈಟಿನಲ್ಲಿ ಕಣಗಳ ಸುತ್ತಲಿನ ನೀರಿನಲ್ಲಿ ಏರ್ಪಡುವ ವಿದ್ಯುದಾವೇಶದ ಪದರದ್ದು.

ನನಗೆ ಹೆಚ್ಚು ಇಷ್ಟವಾದದ್ದು ಮಣ್ಣು ಎಷ್ಟು ಉಬ್ಬೀತೆಂದು ತಿಳಿಯಲು ಶ್ರೀಧರನ್ ಅವರು ಕೆ. ಪ್ರಕಾಶ್ ಜೊತೆ ಬಳಕೆಗೆ ತಂದ ಸರಳ ಅನುಪಾತ. ಒಣಗಿಸಿ ಜರಡಿ ಹಿಡಿದ ಹತ್ತು ಗ್ರಾಂ ಮಣ್ಣನ್ನು ನೀರಿರುವ ಅಳತೆಯ ಜಾಡಿಗೆ, ಇನ್ನು ಹತ್ತು ಗ್ರಾಂ ಸೀಮೆಎಣ್ಣೆಯ ಜಾಡಿಗೆ ಹಾಕಿ, ಒಂದು ದಿನ ಬಿಟ್ಟು ತಳದ ಗಸಿ ಎಷ್ಟೆಂದು ನೋಡಬೇಕು. ನೀರಿನದನ್ನು ಎಣ್ಣೆಯದರಿಂದ ಭಾಗಿಸಿದರಾಯಿತು. ಒಂದಕ್ಕಿಂತ ಕಡಿಮೆ ಬಂದರೆ ಉಬ್ಬದ ಮಣ್ಣು. ಎರಡು ದಾಟಿದರೆ ಜೋರಾಗಿ ಉಬ್ಬುವಂಥದ್ದು. ಹಳೆಯ ವಿಧಾನದಲ್ಲಿ ಮೊದಲು ನೀರಿನದರಿಂದ ಎಣ್ಣೆಯದನ್ನು ಕಳೆದು, ಆಮೇಲೆ ಭಾಗಿಸುತ್ತಿದ್ದರು. ಕೆಯೋಲಿನೈಟ್ ಕಣಗಳು ಸೀಮೆಎಣ್ಣೆಯಲ್ಲಿ ಗುಂಪುಗೂಡಿ ಸಡಿಲವಾಗಿ ಕೂರುವುದರಿಂದ ಉತ್ತರ ಸೊನ್ನೆಗಿಂತ ಕೆಳಗೆ ಹೋಗಿ, ಅರ್ಥವೇ ಇಲ್ಲದಂತಾಗುತ್ತಿತ್ತು.

1948ರಲ್ಲಿ ಹುಟ್ಟಿದ ಭಾರತೀಯ ಭೂತಂತ್ರ ಸಂಘ ಹಿರಿಯರಿಗೆ ವಾರ್ಷಿಕ ಉಪನ್ಯಾಸದ ಗೌರವ ಕೊಡುತ್ತದೆ. ಹದಿಮೂರನೆಯದು ಶ್ರೀಧರನ್ ಅವರದು. ಅದು 1991ರಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಊರಿನ ಪತ್ರಿಕೆಗಳಲ್ಲಿ ಇಂಥ ಸುದ್ದಿ ಬರುವುದು ಅಪರೂಪ. ಆದರೆ 2025ರ ಜೂನ್‌ನಲ್ಲಿ 359 ಮೀಟರ್ ಎತ್ತರದ ಚೆನಾಬ್ ಸೇತುವೆ ಉದ್ಘಾಟನೆಯಾದಾಗ ಅದರ ಭೂತಂತ್ರ ಸಲಹೆಗಾರರಾಗಿದ್ದ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮಾಧವಿ ಲತಾ ಅವರ ಹೆಸರು ಮನೆಮಾತಾಯಿತು. ಅವರೋ, ಸಾವಿರಾರು ಜನರಲ್ಲಿ ತಾವೂ ಒಬ್ಬರಷ್ಟೇ ಎಂದುಬಿಟ್ಟರು.

ಎರೆಮಣ್ಣಿನ ಸೀಮೆಯಲ್ಲಿ ಸೈಟು ಕೊಂಡವರು ವಾಸ್ತು ಕೇಳುವ ಮುಂಚೆ ಈ ಅನುಪಾತ ಎಷ್ಟೆಂದು ಪರೀಕ್ಷೆ ಮಾಡಿಸಿ. ಎರಡು ದಾಟಿದ್ದರೆ ಮಣ್ಣು ಬಲ್ಲ ಎಂಜಿನಿಯರನ್ನು ಕೇಳದೆ ಪಾಯ ತೋಡಿಸಬೇಡಿ.