ಏಳನೇ ದಿನ

ಶಿವಮೊಗ್ಗದ ಸವಳಂಗ ರಸ್ತೆಗೆ ರೈಲ್ವೆ ಮೇಲ್ಸೇತುವೆ ಬರುವುದಕ್ಕೆ ಮೊದಲು ಅಲ್ಲಿ ಗೇಟಿತ್ತು. ತಾಳಗುಪ್ಪದ ರೈಲಿಗೂ ಶಾಲೆಯ ಗಂಟೆಗೂ ಯಾವ ಜನ್ಮದ ದ್ವೇಷವೋ, ಮಕ್ಕಳು ಹೊರಟ ಹೊತ್ತಿಗೆ ಸರಿಯಾಗಿ ಗೇಟು ಬೀಳುತ್ತಿತ್ತು. ‘ಗೇಟ್ ಬಿದ್ದಿತ್ತು ಸಾರ್’ ಎಂಬುದು ಆ ಭಾಗದ ಮಕ್ಕಳ ಸಾರ್ವಕಾಲಿಕ ನೆಪ. ಮೇಷ್ಟ್ರುಗಳೂ ಅದೇ ಗೇಟಿನಲ್ಲಿ ನಿಂತು ಬಂದವರಾದ್ದರಿಂದ ಹೆಚ್ಚು ಕೆದಕುತ್ತಿರಲಿಲ್ಲ. ಸೇತುವೆ ಬಂತು, ನೆಪ ಹೋಯಿತು. ತಡವಾಗಿ ಬರುವ ಮಕ್ಕಳ ಸಮಸ್ಯೆ ಸಿಮೆಂಟು ಕಬ್ಬಿಣದಿಂದ ಬಗೆಹರಿಯುವಂಥದ್ದು. ಬಾರದೇ ಇರುವ ಮಕ್ಕಳದ್ದು ಹಾಗಲ್ಲ.

ಬೆಳಿಗ್ಗೆ ಎಂಟೂವರೆಗೆ ಈ ಸೇತುವೆಯ ಬದಿಯಲ್ಲಿ ನಿಂತು ನೋಡಿ. ಹಳದಿ ವ್ಯಾನುಗಳು, ಕಾಲೇಜು ಬಸ್ಸುಗಳು, ಒಂದೇ ಸ್ಕೂಟರಿನಲ್ಲಿ ಮೂವರು. ನವುಲೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಕೃಷಿ ಕಾಲೇಜಿದೆ; ಓದಲು ಹೋಗುವವರ ರಸ್ತೆ ಇದು ಎಂದು ಯಾರಾದರೂ ಹೇಳಿಯಾರು. ಆದರೆ ಸೆಪ್ಟೆಂಬರ್ ದಾಟಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಇದೇ ರಸ್ತೆಯಲ್ಲಿ ಇನ್ನೊಂದು ಬಗೆಯ ಗಾಡಿಗಳು ಕಾಣುತ್ತವೆ. ಲಗೇಜ್ ಆಟೊದಲ್ಲಿ ಹಿಂದೆ ಕೂತ ಹೆಂಗಸರು, ಚೀಲದೊಳಗೆ ಬಟ್ಟೆ ಸುತ್ತಿದ ಮೆಟ್ಟುಗತ್ತಿ, ಬುತ್ತಿ ಡಬ್ಬಿ. ಅವರ ನಡುವೆ ಒಂದೊಂದು ಚಿಕ್ಕ ತಲೆ. ಅದು ಸೋಮವಾರವೂ ಆಗಿರಬಹುದು, ಬುಧವಾರವೂ.

ಅಡಿಕೆ ಸುಲಿಯುವ ಮನೆಯ ಲೆಕ್ಕಾಚಾರ ಗೊತ್ತಿದ್ದರೆ ಆ ತಲೆ ಅಲ್ಲೇಕೆ ಎಂಬುದು ತಿಳಿಯುತ್ತದೆ. ತೋಟದ ಫಸಲನ್ನು ಗುತ್ತಿಗೆ ಹಿಡಿದ ಚೇಣಿದಾರ ಕೂಲಿ ಕೊಡುವುದು ದಿನಕ್ಕಲ್ಲ, ಸುಲಿದಷ್ಟಕ್ಕೆ. ಡಬ್ಬ ತುಂಬಿದರೆ ದುಡ್ಡು. ಅಮ್ಮ ಸುಲಿಯುತ್ತಾಳೆ, ಮಗು ಹಣ್ಣಾದ ಗೋಟು ಬೇರೆ ಮಾಡುತ್ತದೆ, ಸಿಪ್ಪೆ ಬಾಚುತ್ತದೆ, ಕೈ ಕುದುರಿದರೆ ತಾನೂ ಒಂದು ಕತ್ತಿಯ ಮುಂದೆ ಕೂರುತ್ತದೆ. ಕೂಲಿ ಪಟ್ಟಿಯಲ್ಲಿ ಮಗುವಿನ ಹೆಸರಿಲ್ಲ. ಹಾಗಾಗಿ ಅಲ್ಲಿ ಬಾಲಕಾರ್ಮಿಕರೂ ಇಲ್ಲ! 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದು 14ರ ಒಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದರು, ಸರಿ. ಅದರ ಜೊತೆಗೇ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕಸುಬಿಗೆ ಕೈಜೋಡಿಸಬಹುದು ಎಂಬ ಒಂದು ಕಿಂಡಿಯನ್ನೂ ಬಿಟ್ಟರು. ಚೇಣಿ ಮನೆ ಯಾರ ಮನೆ ಕಸುಬು? ಕೇಳಿದರೆ ಅಮ್ಮನ ಪಕ್ಕ ಕೂತ ಮಗು, ಅಷ್ಟೇ. ಸುಲಿಯುವ ಯಂತ್ರಗಳು ಬಂದ ಮೇಲೆ ಇದು ಎಷ್ಟೋ ಕಡಿಮೆಯಾಗಿದೆ. ಮಕ್ಕಳ ವಿಷಯದಲ್ಲಿ ಕಾಯ್ದೆಗಿಂತ ಯಂತ್ರ ಹೆಚ್ಚು ಕೆಲಸ ಮಾಡಿತು ಎಂದರೆ ಕಾಯ್ದೆ ಬರೆದವರು ಬೇಸರಿಸಬಾರದು.

ಇನ್ನು ಶಾಲೆಯ ಕಡೆ ಬರೋಣ. ಉದ್ದನೆಯ ಹಾಜರಿ ಪುಸ್ತಕ, ಸಾಲು ಹೆಸರು, ಚೌಕಳಿ ಮನೆಗಳು. ಒಂದು ಮಗು ಕಾರಣ ತಿಳಿಸದೆ ಸತತವಾಗಿ ಏಳು ದಿನ ಬಾರದಿದ್ದರೆ ಕರ್ನಾಟಕದಲ್ಲಿ ಅದನ್ನು ಶಾಲೆಯಿಂದ ಹೊರಗುಳಿದ ಮಗು ಎಂದೇ ಎಣಿಸಬೇಕು. ಹಿಂದೆ ಇದು 60 ದಿನ ಇತ್ತು. ಎರಡು ತಿಂಗಳೆಂದರೆ ಒಂದು ಅಡಿಕೆ ಸುಗ್ಗಿಯ ಮುಕ್ಕಾಲು ಪಾಲು ಮುಗಿದೇ ಹೋಗಿರುತ್ತದೆ. 2013ರಲ್ಲಿ ಪತ್ರಿಕಾ ವರದಿಯೊಂದನ್ನು ನೋಡಿ ಹೈಕೋರ್ಟ್ ಶಾಲೆ ಬಿಟ್ಟ ಮಕ್ಕಳ ವಿಚಾರವನ್ನು ತಾನಾಗಿ ಕೈಗೆತ್ತಿಕೊಂಡಿತು. ಆ ನಂತರದ ವರ್ಷಗಳಲ್ಲಿ ಈ ಏಳು ದಿನದ ಲೆಕ್ಕ ಬಿಗಿಯಾಯಿತು. ಮೊದಲು ಮೇಷ್ಟ್ರು ಮನೆಗೆ ಹೋಗಬೇಕು, ಆಮೇಲೆ ಎಸ್‌ಡಿಎಂಸಿಯವರು, ಸಿಆರ್‌ಪಿ, ಬಿಇಒ. ಅದಕ್ಕೂ ಜಗ್ಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯವರೆಗೂ ಹೋಗುತ್ತದೆ.

ಮಕ್ಕಳಿಗಾಗಿ ಇರುವ ಕಾಯ್ದೆಗಳು ಕಡಿಮೆಯೇನಲ್ಲ. 2009ರ ಶಿಕ್ಷಣ ಹಕ್ಕು, 2012ರ ಪೋಕ್ಸೊ, 2015ರ ಬಾಲನ್ಯಾಯ, ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಮಾಡಿದ ನಮ್ಮ ರಾಜ್ಯದ್ದೇ ತಿದ್ದುಪಡಿ, 1098 ಸಹಾಯವಾಣಿ. ಇವೆಲ್ಲ ಅನಾಹುತ ಆದ ಮೇಲೆ, ಇಲ್ಲವೇ ಯಾರಾದರೂ ದೂರು ಕೊಟ್ಟ ಮೇಲೆ ಎದ್ದು ಕೂರುವಂಥವು. ಮದುವೆ ನಿಶ್ಚಯವಾದ ಹುಡುಗಿ, ಅಪ್ಪನ ಕುಡಿತಕ್ಕೆ ಹೆದರಿ ಅಜ್ಜಿ ಮನೆ ಸೇರಿದ ಹುಡುಗ, ಗ್ಯಾರೇಜಿಗೆ ಬಿದ್ದವನು, ಯಾರೋ ಮೈಮುಟ್ಟಿದ್ದನ್ನು ಹೇಳಲಾರದೆ ಮುದುಡಿದವಳು, ಇವರೆಲ್ಲರ ಮೊದಲ ಸುದ್ದಿ ಬರುವುದು ಠಾಣೆಗಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಖಾಲಿ ಮನೆಯಾಗಿ, ಮರುದಿನ ಇನ್ನೊಂದಾಗಿ ಬರುತ್ತದೆ. ಅದನ್ನು ಓದಬಲ್ಲ ಒಬ್ಬ ಮೇಷ್ಟ್ರು ಇದ್ದರೆ ಇಡೀ ಇಲಾಖೆ ಇದ್ದಂತೆ ಎಂದು ನನಗೆ ಅನ್ನಿಸುತ್ತದೆ.

‘ಕಡ್ಡಾಯ’ ಎಂಬ ಮಾತನ್ನೂ ನಾವು ತಿರುಗಾಮುರುಗ ಓದುತ್ತೇವೆ. ಉಚಿತ ಮತ್ತು ಕಡ್ಡಾಯ ಶಿಕ್ಷಣ ಅಂದರೆ ಮಗು ಕಡ್ಡಾಯವಾಗಿ ಬರಬೇಕು, ಬಾರದಿದ್ದರೆ ಅಪ್ಪ ಅಮ್ಮನದು ತಪ್ಪು, ಇದು ಚಾವಡಿಯಲ್ಲಿ ಕೇಳುವ ಅರ್ಥ. ಶಿಕ್ಷಣ ಹಕ್ಕು ಕಾಯ್ದೆಯ 8ನೇ ಸೆಕ್ಷನ್ ಬೇರೆ ಹೇಳುತ್ತದೆ: ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿನ ದಾಖಲಾತಿ, ಹಾಜರಿ, ಪ್ರಾಥಮಿಕ ಶಿಕ್ಷಣ ಪೂರೈಸುವುದು, ಮೂರನ್ನೂ ಖಾತರಿಪಡಿಸುವ ಹೊಣೆ ಸರ್ಕಾರದ್ದು. ಕಡ್ಡಾಯ ಸರ್ಕಾರಕ್ಕೆ. ಅಂದಮೇಲೆ ಆ ಖಾಲಿ ಮನೆಯಲ್ಲಿ ಗೈರು ಬೀಳಬೇಕಾದ್ದು ಯಾರ ಹೆಸರಿಗೆ?

‘ಕಡ್ಡಾಯ’ ಎಂಬ ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ಒಂದು ಹಳೆಯ ನಂಟಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಮೇಲೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ತಂದು ಆಯ್ದ ಕೆಲವು ಕೇಂದ್ರಗಳಲ್ಲಿ ಗಂಡುಮಕ್ಕಳಿಗೆ ಶಾಲೆ ಕಡ್ಡಾಯ ಮಾಡಿತು. ಬರೋಡ ಅದಕ್ಕಿಂತ ಮೊದಲೇ ಮಾಡಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ ಮರುವರ್ಷವೇ ಬಿದ್ದುಹೋಗಿತ್ತು. ಅದಕ್ಕೂ ಹಿಂದೆ, 1894ರಲ್ಲಿ, ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ನಿಷೇಧಿಸಿತ್ತು. ಎಂಟು! ಇವತ್ತು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಆಗ ಅದೇ ದೊಡ್ಡ ಜಗಳವಾಗಿತ್ತು. ಇನ್ನೂ ಒಂದು ತಮಾಷೆ ಕೇಳಿ: ಶಿಕ್ಷಣ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು 1992ರಲ್ಲಿ, ಕರ್ನಾಟಕದ ಪ್ರಕರಣದಲ್ಲೇ. ಅದು ಹಳ್ಳಿ ಶಾಲೆಯ ಮೊಕದ್ದಮೆಯಲ್ಲ, ಮೆಡಿಕಲ್ ಕಾಲೇಜಿನ ಡೊನೇಷನ್ನಿನದು.

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಕಾರ್ಖಾನೆಯ ಸೈರನ್ನೇ ಶಾಲೆಯ ಗಂಟೆ. ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ ಎಲ್ಲವೂ ಕಾರ್ಖಾನೆಯ ನೆರಳಲ್ಲಿ. ಪೇಪರ್ ಮಿಲ್ಲಿನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ಮಾತು ವರ್ಷವರ್ಷವೂ ಬಂದು ಹೋಗುತ್ತದೆ. ಕಾರ್ಖಾನೆ ನಿಂತರೆ ಕಾರ್ಮಿಕರ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಅವರ ಮಕ್ಕಳು ಟಿಸಿ ಹಿಡಿದು ಯಾವ ಊರಿಗೆ ಹೋದರು, ಹೋದ ಊರಲ್ಲಿ ಸೇರಿದರೋ ಇಲ್ಲವೋ ಎಂಬ ಲೆಕ್ಕ ಬರುವುದಿಲ್ಲ. ಈಗ ಪ್ರತಿ ಮಗುವಿಗೂ ಸ್ಯಾಟ್ಸ್ ಸಂಖ್ಯೆ ಇದೆ, ಹುಡುಕಬಹುದು. ಹುಡುಕಲು ಯಾರಾದರೂ ಕೂರಬೇಕು.

ಸವಳಂಗದ ಆಚೆ ತಾಂಡಾಗಳಿವೆ. ಸುಗ್ಗಿಗೆ ಕಾಫಿ ಸೀಮೆಗೆ, ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ದಾರಿ ಇದು. ಗುಳೆ ಹೋದ ಮನೆಯ ಮಕ್ಕಳು ಊರಲ್ಲೇ ಉಳಿದು ಓದಲೆಂದು ಋತುಮಾನದ ವಸತಿ ಶಾಲೆಗಳ ಏರ್ಪಾಡು ಉಂಟು. ಒಳ್ಳೆಯ ಯೋಜನೆ, ಆದರೆ ಮಂಜೂರಾತಿಯ ಕಾಗದಕ್ಕೆ ಲಾರಿಯ ಅವಸರ ಇರುವುದಿಲ್ಲ. ಲಾರಿ ಹೊರಟಾಗ ಹಾಸ್ಟೆಲ್ಲು ತೆರೆದಿರಬೇಕು. ಹದಿನೈದು ದಿನ ತಡವಾದರೂ ಮಗು ಆಗಲೇ ತೋಟದ ಲೈನ್ ಮನೆಯಲ್ಲಿ ಒಲೆ ಊದುತ್ತಿರುತ್ತದೆ.

ನನ್ನ ಕೇಳಿದರೆ ಈ ಹತ್ತಿಪ್ಪತ್ತು ವರ್ಷಗಳಲ್ಲಿ ಶಾಲೆಗೆ ಮಕ್ಕಳನ್ನು ಎಳೆದು ತಂದ ಒಳ್ಳೊಳ್ಳೆ ಕೆಲಸಗಳಲ್ಲಿ ಶಿಕ್ಷಣ ಎಂಬ ಹೆಸರೇ ಇಲ್ಲ. ನರೇಗಾ ಕೂಲಿಕಾರರ ಎಳೆಗೂಸುಗಳಿಗೆಂದು 2023–24ರ ಬಜೆಟ್ಟಿನಲ್ಲಿ ‘ಕೂಸಿನ ಮನೆ’ ಘೋಷಿಸಿದರು, 4,000 ಗ್ರಾಮ ಪಂಚಾಯಿತಿಗಳಿಗೆ. ಅದರಿಂದ ಉಪಕಾರವಾಗುವುದು ಕೂಸಿಗೆ ಮಾತ್ರ ಅಂದುಕೊಳ್ಳಬೇಡಿ. ಆ ಕೂಸನ್ನು ಸೊಂಟದ ಮೇಲೆ ಹೊತ್ತು ಮನೆಯಲ್ಲಿ ಉಳಿಯುತ್ತಿದ್ದ ಹತ್ತು ವರ್ಷದ ಅಕ್ಕ ಶಾಲೆಗೆ ಬರುತ್ತಾಳೆ. ಪಂಚಾಯಿತಿ ಲೈಬ್ರರಿಗಳಲ್ಲಿ 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಶಾಲೆ ಮುಚ್ಚಿದ್ದ ಕೊರೊನಾ ಕಾಲದಲ್ಲಿ ಅದೆಷ್ಟು ಊರುಗಳಲ್ಲಿ ತೆರೆದಿದ್ದ ಬಾಗಿಲು ಅದೊಂದೇ. ಶಕ್ತಿ ಯೋಜನೆಯ ಉಚಿತ ಬಸ್ಸು ಹೈಸ್ಕೂಲಿನ ಹುಡುಗಿಯರಿಗೆ ದೊಡ್ಡ ಆಸರೆ. ಆದರೆ ಮಲೆನಾಡಿನಲ್ಲಿ ಖಾಸಗಿ ಬಸ್ಸಿನದೇ ಕಾರುಬಾರು. ಕೆಂಪು ಬಸ್ಸು ಬಾರದ ಊರಿನ ಹುಡುಗಿಗೆ ‘ಶಕ್ತಿ’ ಟಿವಿಯಲ್ಲಿ ಕಾಣುವ ಸಂಗತಿ. ಎಂಟನೇ ತರಗತಿಯವರಿಗೆ 2006ರಿಂದ ಕೊಡುತ್ತಿದ್ದ ಸೈಕಲ್ಲಂತೂ ಕೋವಿಡ್ ಬಂದಾಗ ನಿಂತುಹೋಯಿತು.

ಬಿಸಿಯೂಟದ್ದು ಸ್ವಲ್ಪ ವಿವರವಾಗಿ ಹೇಳಬೇಕು. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150. ಜೊತೆಗೆ 2013ರಿಂದ ಹಾಲು, ಈಚೆಗೆ ಮೊಟ್ಟೆ. ಮಕ್ಕಳು ಶಾಲೆಗೆ ಬರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ. ಊಟಕ್ಕೆ ಬರುತ್ತವೆ ಎಂದು ಮೂಗು ಮುರಿಯುವವರು ಹಸಿದು ಮಗ್ಗಿ ಹೇಳಿ ನೋಡಲಿ. ತೊಡಕಿರುವುದು ಬೇರೆ ಕಡೆ. ಅಕ್ಕಿಯ ಲೆಕ್ಕ ಹಾಕುವುದೂ ಅದೇ ಹಾಜರಿಯಿಂದ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೋಗುವುದೂ ಅದೇ ಪುಸ್ತಕದಿಂದ. ಮಗು ಬಂದಿಲ್ಲ ಎಂದು ಕೂಗಿ ಹೇಳಬೇಕಾದ ಪುಸ್ತಕಕ್ಕೆ, ಮಗು ಬಂದಿದೆ ಎಂದು ತೋರಿಸುವುದರಲ್ಲೇ ಲಾಭ. ಆರನೇ ದಿನ ಒಂದು ಹಾಜರಿ ಬಿದ್ದರೆ ಸಾಕು, ಏಳರ ಲೆಕ್ಕ ಮತ್ತೆ ಒಂದರಿಂದ. ಎಲ್ಲರೂ ಹಾಗೆ ಮಾಡುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ಸತ್ಯ ಬರೆದ ಮೇಷ್ಟ್ರಿಗೆ ನಷ್ಟವಾಗುವಂತೆ ನಿಯಮ ಮಾಡಿಟ್ಟು, ಆಮೇಲೆ ಸತ್ಯ ಬರೆಯಿರಿ ಎಂದು ಸುತ್ತೋಲೆ ಕಳಿಸುವುದು ಯಾವ ನ್ಯಾಯ?

ಮುಖ ಗುರುತಿಸುವ ತಂತ್ರಜ್ಞಾನದಿಂದ ಹಾಜರಿ ಹಾಕಿಸುವ ಮಾತೂ ಈಗ ಕೇಳಿಬಂದಿದೆ. ಶಿಕ್ಷಣ ಸಚಿವ ಮಧು ಬಂಗಾರಪ್ಪ ನಮ್ಮ ಸೊರಬದವರೇ. ಅಡಿಕೆ ಸುಗ್ಗಿಯ ಶಾಲೆ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಂದ ಮುಖವನ್ನು ಕ್ಯಾಮೆರಾ ಗುರುತಿಸೀತು. ಬಾರದ ಮುಖ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಲು ಅದಕ್ಕೆ ಬೈಕ್ ಓಡಿಸಲು ಬರುವುದಿಲ್ಲ.

ಹದಿನಾಲ್ಕು ದಾಟಿದವರ ಪಾಡು ಇನ್ನೂ ವಿಚಿತ್ರ. ಶಿಕ್ಷಣ ಹಕ್ಕು ಅಲ್ಲಿಗೆ ಮುಗಿಯಿತು, ಅಪಾಯವಲ್ಲದ ಕೆಲಸಕ್ಕೆ ಹೋಗಲು ಕಾಯ್ದೆಯ ಅಡ್ಡಿಯಿಲ್ಲ, ಹುಡುಗಿಯ ಮದುವೆಗೆ ಮಾತ್ರ ಹದಿನೆಂಟು ಆಗಬೇಕು. ಆ ನಾಲ್ಕು ವರ್ಷ ಯಾರದ್ದು? ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ ನಿಜ, ಆದರೆ ಒಂದರಲ್ಲಿ ಬಿದ್ದ ಹುಡುಗಿಗೆ ಎರಡನೆಯದಕ್ಕೆ ಮೊದಲೇ ಗಂಡು ಬಂದಿರುತ್ತದೆ.

ಮಕ್ಕಳನ್ನೇ ಕೇಳುವ ಪದ್ಧತಿಯೂ ನಮ್ಮಲ್ಲಿದೆ. ಕುಂದಾಪುರ ಸೀಮೆಯಲ್ಲಿ ತೊಂಬತ್ತರ ದಶಕದಲ್ಲೇ ದುಡಿಯುವ ಮಕ್ಕಳು ಸೇರಿ ಮಕ್ಕಳ ಪಂಚಾಯಿತಿ ನಡೆಸಿದ್ದರು; ಆಮೇಲೆ ಅದು ಮಕ್ಕಳ ಗ್ರಾಮಸಭೆಯಾಗಿ ರಾಜ್ಯದ ಪಂಚಾಯಿತಿಗಳಿಗೆಲ್ಲ ಬಂತು. ನವೆಂಬರಿನಲ್ಲಿ ಶಾಮಿಯಾನ, ಬಿಸ್ಕತ್ತು, ಪಿಡಿಒ ಭಾಷಣ. ಅದರ ನಡುವೆಯೂ ಮಕ್ಕಳು ಎದ್ದು ನಿಂತು ಶೌಚಾಲಯಕ್ಕೆ ನೀರಿಲ್ಲ, ಶಾಲೆ ಮುಂದೆ ಹಂಪ್ ಬೇಕು, ಬೀದಿನಾಯಿ ಅಟ್ಟಿಸಿಕೊಂಡು ಬರುತ್ತದೆ ಎನ್ನುತ್ತವೆ. ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ನವೆಂಬರ್ ಅಂದರೆ ಸುಲಿಯುವ ಕಾಲ. ಅಲ್ಲಿಗೆ ಬಾರದ ಮಕ್ಕಳ ಬಗ್ಗೆ ಕೇಳಲು ಅಲ್ಲಿ ಯಾರೂ ಇರಲಿಲ್ಲ, ಅವರು ಬಂದಿರಲಿಲ್ಲವಲ್ಲ.

ಸಭೆ ಮುಗಿದ ಮೇಲೆ ಒಬ್ಬ ಮೇಷ್ಟ್ರು ಬೈಕಿನಲ್ಲಿ ಅಬ್ಬಲಗೆರೆಯ ಕಡೆ ಹೊರಟಿದ್ದರು, ನನ್ನನ್ನೂ ಹತ್ತಿಸಿಕೊಂಡರು. ಆರನೇ ತರಗತಿಯ ಹುಡುಗನೊಬ್ಬ ಶಾಲೆಗೆ ಬಾರದೆ ಎಂಟು ದಿನವಾಗಿತ್ತು. ಚೇಣಿ ಮನೆಯ ತಗಡಿನ ಶೆಡ್ಡು, ನೆಲದ ತುಂಬ ಹಸಿ ಸಿಪ್ಪೆ, ಬೇಯುವ ಅಡಿಕೆಯ ಒಗರು ವಾಸನೆ. ಮೇಷ್ಟ್ರನ್ನು ನೋಡಿದ್ದೇ ಹುಡುಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿದ. ‘ಜ್ವರ ಸಾರ್’ ಅಂದ. ಅಮ್ಮನೂ ‘ಹೂಂ, ಜ್ವರ’ ಅಂದಳು, ಕತ್ತಿಯಿಂದ ಕಣ್ಣು ಎತ್ತದೆ. ಮೇಷ್ಟ್ರು ಬೈಯಲಿಲ್ಲ. ಕೈ ತೋರಿಸು ಅಂದರು. ಬೆರಳ ತುದಿಗಳೆಲ್ಲ ಅಡಿಕೆ ಕರೆ ಹಿಡಿದು ಕಪ್ಪಾಗಿದ್ದವು. ನಾಳೆ ಬರ್ತೀಯಾ ಅಂದಾಗ ಹುಡುಗ ಅಮ್ಮನ ಮುಖ ನೋಡಿದ, ಅಮ್ಮ ಡಬ್ಬದ ಕಡೆ ನೋಡಿದಳು. ಅದು ಅರ್ಧ ತುಂಬಿತ್ತು.

ಮರುದಿನ ಬಂದಿದ್ದಾನೆಂದು ಮೇಷ್ಟ್ರು ಫೋನ್ ಮಾಡಿದರು. ಊಟದ ಹೊತ್ತಿಗೆ ಕೈ ತೊಳೆಯಲು ಸಾಬೂನು ಕೇಳಿದನಂತೆ. ಅಡಿಕೆಯ ಆ ಕರೆ ಸಾಬೂನಿಗೆ ಹೋಗುವುದಿಲ್ಲ, ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ.